ಚಿಲಿಪಿಲಿ ಯಂತ್ರ ಮತ್ತು ಗೋಳಿಬಜೆ

ಹಳೆಯ ಪಂಚೆಯ ತುಂಡೊಂದನ್ನು ಹಿಡಿದು, ನಮ್ಮ ಚಾವಡಿಯಲ್ಲಿ ತೂಗುಹಾಕಿರುವ ಚಿತ್ರದ ಗಾಜನ್ನು ಈ ವಾರದಲ್ಲಿ ಐದನೆಯ ಸಲ ಇಂದು ಬೆಳಿಗ್ಗೆ ಒರೆಸಿದೆ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಪಾಲ್ ಕ್ಲೇ 1922ರಲ್ಲಿ ರಚಿಸಿದ ‘ಚಿಲಿಪಿಲಿ ಯಂತ್ರ’ದ ಪ್ರತಿ ಅದು. ತಂತಿಯ ಮೇಲೆ ಕಡ್ಡಿಯಂಥ ನಾಲ್ಕು ಹಕ್ಕಿಗಳು, ತಂತಿಗೆ ಸೇರಿದಂತೆ ತಿರುಗಿಸುವ ಒಂದು ಹಿಡಿ, ಸುತ್ತಲೂ ನೀಲಿ ಮಬ್ಬು. ನಾಜಿಗಳು ‘ಕೆಟ್ಟ ಕಲೆ’ಯೆಂದು ಬರ್ಲಿನ್ನಿನಿಂದ ಹೊರಹಾಕಿ ಮಾರಿದ್ದರಿಂದ ಮೂಲಚಿತ್ರವು 1939ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಸೇರಿತು. ಅಲ್ಲಿ ಯಾರೂ ಅದನ್ನು ಮುಟ್ಟುವಂತಿಲ್ಲ. ಉಡುಪಿಯಲ್ಲಿ, ಅದೂ ಪಕ್ಕದ ಮನೆಯ ರಾಯರಿಗೆ, ಈ ನಿಯಮವನ್ನು ಹೇಳುವವರು ಯಾರು?

ನಿವೃತ್ತ ಬ್ಯಾಂಕ್ ಮ್ಯಾನೇಜರರಾದ ರಾಯರು ಪೇಪರ್ ಓದಲೆಂದು ಬಂದು, ನಮ್ಮ ಗೋಳಿಬಜೆಯನ್ನು ಮುಗಿಸಿ, ಕೈ ತೊಳೆಯುವ ಮೊದಲೇ ಚಿತ್ರದ ಮುಂದೆ ನಿಲ್ಲುತ್ತಾರೆ. ಅರ್ಥ ಹೊಳೆದ ಕೂಡಲೇ ಅವರ ತೋರುಬೆರಳು, ಚೆಕ್ಕಿಗೆ ಮೊಹರು ಒತ್ತಿದಂತೆ, ಗಾಜಿನ ಮೇಲೆ ಬೀಳುತ್ತದೆ. ಸೋಮವಾರ ಅವರಿಗೆ ಕಂಡದ್ದು ಗಾಳಿಮಳೆಗೆ ವಾಲಿದ ಕರೆಂಟು ಕಂಬ. ಮಂಗಳವಾರ ಅದು ಅವರ ಹಳೆಯ ಶಾಖೆಯಾಯಿತು. “ಈ ಮೂವರು ಗುಮಾಸ್ತರು, ಬಾಯಿ ಮಾತ್ರ ನೋಡಿ. ಆ ಕೊನೆಯವನು ಯೂನಿಯನ್ ಲೀಡರ್ ಮಾರಾಯರೆ!” ಹಾಗಾದರೆ ಹಿಡಿ ತಿರುಗಿಸುವವರು ಯಾರೆಂದು ಕೇಳಿದ್ದು ನನ್ನದೇ ತಪ್ಪು. “ನಾನೇ! ಮೂವತ್ತನಾಲ್ಕು ವರ್ಷ ತಿರುಗಿಸಿದೆ, ಒಬ್ಬನಾದರೂ ರಾಗವಾಗಿ ಕೂಗಿದನಾ?” ಎಂದು ಅವರು ಭಾವುಕರಾದಾಗ ಐದೂ ಬೆರಳುಗಳು ಮೂಡಿದವು.

ಅತ್ತೆಯವರಿಗೆ ಅದು ಶಾವಿಗೆ ಒತ್ತುವ ಯಂತ್ರ. ಒತ್ತಿದ ಶಾವಿಗೆ ಎಲ್ಲಿ ಬೀಳುತ್ತದೆಂಬುದಷ್ಟೇ ಅವರ ಚಿಂತೆ. ಇನ್ವರ್ಟರ್ ನೋಡಲು ಬಂದ ಹುಡುಗನಿಗೆ ಚಿತ್ರದ ಅರ್ಥವೇನಿರಬಹುದೆಂದು ಕೇಳಿದರೆ, ಅವನು ತಂತಿಯನ್ನೇ ದಿಟ್ಟಿಸಿ, “ಅರ್ಥ ಗೊತ್ತಿಲ್ಲ ಸರ್, ಅರ್ಥಿಂಗ್ ಅಂತೂ ಇಲ್ಲ” ಎಂದ. ಇಷ್ಟು ಜನರಲ್ಲಿ ಗಾಜು ಮುಟ್ಟದೆ ಮಾತನಾಡಿದವನು ಅವನೊಬ್ಬನೇ.

ನಿನ್ನೆ ಸಂಜೆ ದೀಪ ಹಚ್ಚಿ ಬಂದ ಅಮ್ಮ ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದರು. “ನಾಲ್ಕುಂಟಲ್ಲ, ನೀವೇ. ದೋಸೆ ಕಾವಲಿಯ ಸದ್ದು ಕೇಳಿದರೆ ಸಾಕು, ಹೀಗೆಯೇ ಬಾಯಿ ತೆರೆದು ಸಾಲಾಗಿ ಕೂರುತ್ತಿದ್ದಿರಿ” ಎಂದರು. ನಮ್ಮಲ್ಲೊಬ್ಬ ಮುಂಬಯಿಯಲ್ಲಿದ್ದಾನೆ, ಇಬ್ಬರು ದುಬೈಯಲ್ಲಿದ್ದಾರೆ. ಅಮ್ಮ ಮೂರನೆಯ ಹಕ್ಕಿಯನ್ನು ಮೆಲ್ಲಗೆ ಮುಟ್ಟಿ ಒಳಗೆ ಹೋದರು.

ಆದ್ದರಿಂದ ಇಂದು ಗಾಜನ್ನೆಲ್ಲ ಒರೆಸಿ, ಆ ಒಂದು ಗುರುತನ್ನು ಮಾತ್ರ ಬಿಟ್ಟೆ. ಒಂಬತ್ತು ಗಂಟೆಗೆ ಬಂದ ರಾಯರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡಿದರು.

“ಎಂತ ಮಾರಾಯರೆ, ನೀವು ಗಾಜು ಒರೆಸುವುದೇ ಇಲ್ಲವಾ?” ಎನ್ನುತ್ತ, ಎಲ್ಲಿ ಕೊಳೆಯಿದೆಯೆಂದು ಬೆರಳಿಟ್ಟು ತೋರಿಸಿದರು.