ಕೂತರೆ ಕಾಸು

ನಿನ್ನೆ ಸಂಜೆ ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟ್ ಬಂತು. ನಡುವೆ ಒಂದು ಸಾಲು: ವೆನಿಸ್, 51 ಯೂರೋ. ಅದರ ಕೆಳಗೆ ವಿದೇಶಿ ವಿನಿಮಯದ ಶುಲ್ಕ, ಆ ಶುಲ್ಕದ ಮೇಲೆ ಜಿಎಸ್‌ಟಿ. ಐವತ್ತೊಂದು ಅಂದರೆ ಮದುವೆಮನೆಯಲ್ಲಿ ಮುಯ್ಯಿ ಬರೆಸುವ ಲೆಕ್ಕ. ನಾವು ಕೊಟ್ಟಿದ್ದು ಮೂರು ಕಾಫಿಗೆ. ಅಲ್ಲ, ತಪ್ಪು ಹೇಳಿದೆ. ಮೂರು ಕಾಫಿ ಮತ್ತು ಮೂರು ಕುರ್ಚಿಗೆ.

ಇಟಲಿಗೆ ಹೋಗಿದ್ದೆವು. ವೆನಿಸ್, ಫ್ಲಾರೆನ್ಸ್, ರೋಮ್, ಹತ್ತು ದಿನ. ನಾನು, ನನ್ನ ಹೆಂಡತಿ, ಅರಸೀಕೆರೆಯಿಂದ ಅಕ್ಕ. ಪ್ಯಾಕೇಜ್ ಟೂರಿನವರ ರೇಟು ಕೇಳಿ, ‘ನಾವೇ ಬುಕ್ ಮಾಡ್ಕೊಂಡ್ರೆ ಅರ್ಧಕ್ಕೆ ಮುಗಿಯುತ್ತೆ’ ಎಂದು ಎದೆ ತಟ್ಟಿಕೊಂಡವನು ನಾನು. ಎಕ್ಸೆಲ್ ಶೀಟು ಹಾಕಿದ್ದೆ. ಒಂದು ಯೂರೋಗೆ ನೂರು ರೂಪಾಯಿ ಎಂದು ಇಟ್ಟುಕೊಂಡೆ. ಗುಣಿಸುವುದಕ್ಕೂ ಸುಲಭ, ಎದೆ ಒಡೆಯುವುದಕ್ಕೂ ಸುಲಭ. ವಿಮಾನ, ರೈಲು, ಹಾಸಿಗೆ, ತಲೆಗಿಷ್ಟು ಎಂದು ರಾತ್ರಿ ಲೆಕ್ಕದಲ್ಲಿ ಕೊಡುವ ಪ್ರವಾಸಿ ತೆರಿಗೆ, ಕೊನೆಗೆ ಸ್ಟೇಷನ್ನಿನ ಶೌಚಾಲಯದ ಒಂದೊಂದು ಯೂರೋ ಕೂಡ ಅದರಲ್ಲಿತ್ತು. ಕೂರುವುದಕ್ಕೆ ಅಂತ ಒಂದು ಕಾಲಂ ಇರಲಿಲ್ಲ.

ಅಕ್ಕನಿಗೆ ಅರವತ್ಮೂರು. ಮೂವತ್ತು ವರ್ಷ ಮೇಷ್ಟ್ರ ಕೆಲಸ ಮಾಡಿ, ಕ್ಲಾಸಿನಲ್ಲಿ ನಿಂತೂ ನಿಂತೂ ಎರಡು ಮಂಡಿಯನ್ನೂ ಸರ್ಕಾರಕ್ಕೆ ಕೊಟ್ಟು ಬಂದವಳು. ನಿವೃತ್ತಿಯಾದ ದಿನದಿಂದ ಅವಳದು ಒಂದೇ ಪಾಠ: ‘ಒಂದ್ನಿಮಿಷ ಕೂತ್ಕೋತೀನಿ ಕಣೋ.’ ಮೆಟ್ಟಿಲು, ಕಟ್ಟೆ, ಮೋರಿಯ ಅಂಚು, ಬೇರೆಯವರ ಸೂಟ್‌ಕೇಸು, ಯಾವುದೂ ಆಗುತ್ತೆ. ನಮ್ಮ ಕಡೆ ಅದು ನಡೆಯುತ್ತೆ ಕೂಡ.

ಇಟಲಿಯ ಕಾಫಿ ಅಂಗಡಿಯಲ್ಲಿ ಕಾಫಿಗೆ ಎರಡು ದರ. ಕೌಂಟರಿನ ಮುಂದೆ ನಿಂತು ಕುಡಿದರೆ ಒಂದು, ಮೇಜಿನ ಮುಂದೆ ಕೂತರೆ ಇನ್ನೊಂದು. ನಿಂತವನಿಗೆ ಎಸ್‌ಪ್ರೆಸೊ ಒಂದೂಕಾಲು, ಒಂದೂವರೆ ಯೂರೋದ ಆಸುಪಾಸಿನಲ್ಲಿ ಮುಗಿಯುತ್ತೆ. ಬೆಂಗಳೂರಿನ ದರ್ಶಿನಿಗಳಲ್ಲಿ ಪಳಗಿದ ನನಗೂ ನನ್ನ ಹೆಂಡತಿಗೂ ಇದೇನು ದೊಡ್ಡ ವಿದ್ಯೆಯಲ್ಲ. ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈಯಲ್ಲಿ ವಡೆ, ಕಂಕುಳಲ್ಲಿ ಹೆಲ್ಮೆಟ್ಟು ಇಟ್ಟುಕೊಂಡು ಸಾಂಬಾರು ಚೆಲ್ಲದೆ ತಿಂದವರು ನಾವು. ಅಕ್ಕ ಮಾತ್ರ ನಿಂತು ಕುಡಿದ ಕಾಫಿ ಮೈಗೆ ಹತ್ತುವುದಿಲ್ಲ ಎಂಬ ಪಂಗಡದವಳು.

ಊಟಕ್ಕೆ ಕೂತರೆ ಬಿಲ್ಲಿನಲ್ಲಿ ‘ಕೊಪೆರ್ತೊ’ ಅಂತ ಒಂದು ಬಾಬತ್ತು, ತಲೆಗೆ ಎರಡೂವರೆ ಯೂರೋ. ಮೇಜಿನ ಬಟ್ಟೆಗೆ, ಚಮಚಕ್ಕೆ, ನಾವು ಕೇಳದೇ ಬಂದ ಬ್ರೆಡ್ಡಿಗೆ. ನಮ್ಮ ಲೆಕ್ಕದಲ್ಲಿ ಎಲೆ ಹಾಕಿದ್ದಕ್ಕೆ ಬೇರೆ, ಬಡಿಸಿದ್ದಕ್ಕೆ ಬೇರೆ. ‘ನೆಲದ ಮೇಲೇ ಕೂತು ತಿಂತೀವಿ ಅಂದಿದ್ರೆ ಬಿಡ್ತಿದ್ನೇನೋ?’ ಎಂದಳು ಅಕ್ಕ. ಕೂತು ತಿನ್ನುವವನಿಗೆ ಕುಡಿಕೆ ಹೊನ್ನೂ ಸಾಲದು ಎಂದ ನಮ್ಮ ಹಿರಿಯರು ಒಂದು ಸಲ ಇಟಲಿಗೆ ಹೋಗಿ ಬಂದಿದ್ದರು ಎಂದೇ ನನ್ನ ಅನುಮಾನ.

ವೆನಿಸ್ಸಿನ ಐವತ್ತೊಂದಕ್ಕೆ ಕಾರಣ ನನ್ನ ಜುಗ್ಗತನವೇ. ಊರೊಳಗೆ ಬಾಡಿಗೆ ದುಬಾರಿ ಎಂದು ನೀರಿನಾಚೆ ಮೆಸ್ತ್ರೆಯಲ್ಲಿ ಇಳಿದುಕೊಂಡಿದ್ದೆವು. ಬೆಳಿಗ್ಗೆ ರೈಲಿನಲ್ಲಿ ಹತ್ತು ನಿಮಿಷಕ್ಕೆ ವೆನಿಸ್ಸು. ಸ್ಟೇಷನ್ ಮುಂದೆಯೇ ದೋಣಿ ಬಸ್ಸು, ಒಬ್ಬರಿಗೆ ಒಂಬತ್ತೂವರೆ ಯೂರೋ. ಮೂವರಿಗೆ ಇಪ್ಪತ್ತೆಂಟೂವರೆ! ‘ನಡೆದರೆ ಊರು ನೋಡಿದ ಹಾಗಾಗುತ್ತೆ’ ಎಂದೆ. ಆ ಊರಿನಲ್ಲಿ ನಾನೂರಕ್ಕೂ ಹೆಚ್ಚು ಸೇತುವೆಗಳಿವೆ, ಹೆಚ್ಚುಕಮ್ಮಿ ಎಲ್ಲಕ್ಕೂ ಹತ್ತಿಳಿಯುವ ಮೆಟ್ಟಿಲಿದೆ ಎಂಬುದು ಆಮೇಲೆ ಗೊತ್ತಾಯಿತು. ದಾರಿ ತಪ್ಪಿ, ಹತ್ತಿದ ಸೇತುವೆಯನ್ನೇ ಮತ್ತೆ ಹತ್ತಿ, ಸೇಂಟ್ ಮಾರ್ಕ್ ಚೌಕಕ್ಕೆ ಬಂದು ಮುಟ್ಟುವ ಹೊತ್ತಿಗೆ ಅಕ್ಕ ಮಾತು ನಿಲ್ಲಿಸಿದ್ದಳು. ಅಲ್ಲಿ ನೆಲದ ಮೇಲೆ ಕೂತರೆ ದಂಡ. ಎದುರಿಗೆ ಸಾಲಾಗಿ ಕುರ್ಚಿಗಳು. ನಾನು ಪಾರಿವಾಳ ನೋಡುತ್ತಿದ್ದೆ. (2008ರಿಂದ ಅವಕ್ಕೂ ಕಾಳು ಹಾಕುವ ಹಾಗಿಲ್ಲ, ಆ ಚೌಕದಲ್ಲಿ ಪುಕ್ಕಟೆ ಯಾರಿಗೂ ಏನೂ ಸಿಗುವುದಿಲ್ಲ.) ತಿರುಗಿ ನೋಡಿದರೆ ಅಕ್ಕ ಒಂದು ಕುರ್ಚಿಯಲ್ಲಿ ಕೂತು, ಚಪ್ಪಲಿ ಬಿಟ್ಟು, ಕಾಲು ನೀಡಿಕೊಂಡಾಗಿತ್ತು.

ಬಿಳಿ ಕೋಟಿನವನು ಬಂದ. ಎಬ್ಬಿಸಿಕೊಂಡು ಹೋಗೋಣವೆಂದರೆ ಮಾನದ ಪ್ರಶ್ನೆ. ಮೂರು ಕಪುಚಿನೊ ಹೇಳಿದೆ, ತಲಾ ಹನ್ನೊಂದು. ಮೂವತ್ಮೂರು ಎಂದು ಹಲ್ಲು ಕಚ್ಚಿಕೊಂಡೆ. ಅಷ್ಟರಲ್ಲಿ ಪಕ್ಕದ ವೇದಿಕೆಯ ಮೇಲೆ ಪಿಯಾನೊ, ಪಿಟೀಲು ಶುರುವಾಯಿತು. ಅಕ್ಕ ತೊಡೆ ತಟ್ಟಿ ತಾಳ ಹಾಕಿದಳು. ‘ಪಾಪ, ಎಷ್ಟು ಚೆನ್ನಾಗಿ ನುಡಿಸ್ತಾರೆ, ಏನಾದ್ರೂ ಕೊಡೋ’ ಎಂದಳು. ಕೊಡುವ ಅಗತ್ಯವೇ ಬೀಳಲಿಲ್ಲ. ಬಿಲ್ಲಿನಲ್ಲೇ ಇತ್ತು: ಸಂಗೀತ, ಒಬ್ಬರಿಗೆ ಆರು ಯೂರೋ.

‘ನಾನು ಕೇಳಿಸ್ಕೊಳ್ಳಲೇ ಇಲ್ಲ ಅಂತ ಹೇಳೋ’ ಎಂದಳು ಅಕ್ಕ, ತಾಳ ಹಾಕುತ್ತಿದ್ದ ಕೈಯನ್ನು ಥಟ್ಟನೆ ಸೆರಗಿನೊಳಗೆ ಎಳೆದುಕೊಂಡು. ನಾನು ಹರಕುಮುರುಕು ಇಂಗ್ಲಿಷಿನಲ್ಲಿ ಮಂಡಿನೋವು, ವಯಸ್ಸು ಎಂದೆಲ್ಲ ಹೇಳಿದೆ. ಅವನು ನಗುತ್ತ ಮೆನುವಿನ ಕೆಳಗಿನ ಸಣ್ಣಕ್ಷರದ ಮೇಲೆ ಬೆರಳಿಟ್ಟ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತಾಯಿತು.

ಕಾರ್ಡು ಉಜ್ಜಿ ಎದ್ದೆ. ಅಕ್ಕ ಏಳಲಿಲ್ಲ. ‘ಸಂಗೀತಕ್ಕೆ ದುಡ್ಡು ಕೊಟ್ಟಾಯ್ತಲ್ಲ, ಮಂಗಳ ಹಾಡೋವರೆಗೂ ಏಳಲ್ಲ.’ ಕಪ್ಪಿನಲ್ಲಿ ನೊರೆ ಕೂಡ ಉಳಿದಿಲ್ಲ. ಬಿಳಿ ಕೋಟಿನವನು ಒಂದು ಸಲ ಕಪ್ಪು ಎತ್ತಲು ಬಂದ. ಅಕ್ಕ ಅದರ ಮೇಲೆ ಕೈ ಮುಚ್ಚಿದಳು. ಇನ್ನೊಂದು ಸಲ ಬಂದ. ಖಾಲಿ ಕಪ್ಪನ್ನು ತುಟಿಗಿಟ್ಟು ಗುಟುಕರಿಸಿದಳು. ಮುಕ್ಕಾಲು ಗಂಟೆಯ ಮೇಲೆ ವಾದ್ಯದವರು ಪಿಟೀಲು ಕೆಳಗಿಟ್ಟರು. ಸದ್ಯ ಎಂದುಕೊಳ್ಳುವಷ್ಟರಲ್ಲಿ ಚೌಕದ ಆಚೆ ಬದಿಯ ಅಂಗಡಿಯವರ ವಾದ್ಯ ಶುರು. ಅಲ್ಲಿ ಅವರು ಸರದಿಯ ಮೇಲೆ ನುಡಿಸುತ್ತಾರೆ. ಅಕ್ಕನ ಮುಖ ಅರಳಿತು. ‘ಇದು ಆ ಅಂಗಡಿಯದು, ಇದಕ್ಕೆ ನಾವು ಕೊಡಬೇಕಾಗಿಲ್ಲ, ಅಲ್ವೇನೋ?’ ತಾಳದ ಕೈ ಸೆರಗಿನಿಂದ ಹೊರಬಂತು. ನನ್ನ ಹೆಂಡತಿ ‘ಅತ್ತಿಗೆ, ಚರ್ಚಿನ ಕ್ಯೂ ಬೆಳೀತಿದೆ’ ಎಂದರೆ, ‘ನೋಡಮ್ಮ, ಚರ್ಚು ಎಲ್ಲಿಗೂ ಹೋಗಲ್ಲ, ಈ ಕುರ್ಚಿ ಬಿಟ್ರೆ ಹೋಯ್ತು’ ಎಂದಳು. ಒಂದು ಗಂಟೆ ಐವತ್ತು ನಿಮಿಷ. ಕುರ್ಚಿಯ ದುಡ್ಡನ್ನು ಅಕ್ಕ ವಸೂಲು ಮಾಡಿಯೇ ಎದ್ದಳು.

ಫ್ಲಾರೆನ್ಸಿನಲ್ಲಿ ಇನ್ನೊಂದು ತರಹ. ಅಲ್ಲಿನ ಚರ್ಚಿನ ಮೆಟ್ಟಿಲುಗಳ ಮೇಲೆ ಕೂತು ಬುತ್ತಿ ಬಿಚ್ಚುವವರ ಕಾಟ ತಾಳಲಾರದೆ 2017ರಲ್ಲಿ ಮೇಯರ್ ಸಾಹೇಬರು ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿ ಮೆಟ್ಟಿಲಿಗೆ ನೀರು ಹೊಡೆಸಿದ್ದರಂತೆ. ಒದ್ದೆಯಲ್ಲಿ ಯಾರು ಕೂರುತ್ತಾರೆ ಎಂಬ ಲೆಕ್ಕ. ಊರಿನ ದೊಡ್ಡ ಚರ್ಚಿನ ಗುಮ್ಮಟಕ್ಕೆ 463 ಮೆಟ್ಟಿಲು, ಲಿಫ್ಟಿಲ್ಲ; ಆ ವಿಷಯವನ್ನು ಅಕ್ಕನ ಎದುರು ನಾವು ಎತ್ತಲೇ ಇಲ್ಲ.

ಆದರೆ ಆ ಊರಿನಲ್ಲೇ ಒಂದು ಆಶ್ಚರ್ಯ ಕಾದಿತ್ತು. ಸ್ತ್ರೋಜಿ ಎಂಬ ಸಾಹುಕಾರರ ಅರಮನೆ, 1489ರಲ್ಲಿ ಕಟ್ಟಲು ಶುರು ಮಾಡಿದ್ದು. ಕೋಟೆಯಂಥ ಕಲ್ಲುಗೋಡೆ. ಗೋಡೆಯ ಬುಡದಲ್ಲಿ, ಬೀದಿಯ ಕಡೆಗೆ, ಉದ್ದಕ್ಕೂ ಕಲ್ಲಿನ ಆಸನ. ಅಕ್ಕ ನಿಂತಳು, ಕೈಯಿಂದ ಸವರಿದಳು. ‘ಲೋ, ಇದು ಜಗಲಿ ಕಣೋ!’ ಹೌದು, ಜಗಲಿಯೇ. ಬೀದಿಯಲ್ಲಿ ಹೋಗುವವರು ಕೂರಲಿ ಅಂತಲೇ ಆ ಕಾಲದವರು ಅರಮನೆಗೆ ಸೇರಿಸಿ ಕಟ್ಟಿಸಿದ್ದು. ಆ ಊರನ್ನು ಆಳಿದ ಮೆದಿಚಿ ಮನೆತನದವರ ಅರಮನೆಗೂ ಇದೆ. ಟಿಕೆಟ್ಟಿಲ್ಲ, ಸಂಗೀತವೂ ಇಲ್ಲ. ಪಕ್ಕದಲ್ಲಿ ಒಬ್ಬ ಮುದುಕ ಪೇಪರು ಓದುತ್ತಿದ್ದ. ಅಕ್ಕನಿಗೆ ಸ್ವಲ್ಪ ಸರಿದು ಜಾಗ ಕೊಟ್ಟ.

ಅರಸೀಕೆರೆ ಹತ್ತಿರದ ನಮ್ಮ ಅಜ್ಜಿಮನೆಯ ಜಗಲಿಯೂ ಹೀಗೇ ತಣ್ಣಗಿರುತ್ತಿತ್ತು. ಸಂತೆಗೆ ಹೋಗುವವರು ಹೊರೆ ಇಳಿಸಿ ಕೂರುತ್ತಿದ್ದರು. ಯಾರು, ಎತ್ತ ಎಂದು ಕೇಳುವ ಮೊದಲು ಅಜ್ಜಿ ನೀರು, ಒಂದು ಚೂರು ಬೆಲ್ಲ ಕಳಿಸುತ್ತಿದ್ದಳು. ಈಗ ಆ ಜಗಲಿಗೆ ಕಬ್ಬಿಣದ ಗ್ರಿಲ್ಲು ಬಿದ್ದಿದೆ. ಬೆಂಗಳೂರಿನ ನನ್ನ ಮನೆಯ ಕಾಂಪೌಂಡಿನ ಮೋಟುಗೋಡೆಗೆ ಹೋದ ವರ್ಷ ನಾನೇ ಚೂಪು ಸರಳು ಹಾಕಿಸಿದ್ದೇನೆ. ಊಟ ತಂದುಕೊಡುವ ಹುಡುಗರು ಮಧ್ಯಾಹ್ನದ ಬಿಸಿಲಿಗೆ ಮರದ ನೆರಳಿತ್ತೆಂದು ಬಂದು ಕೂರುತ್ತಿದ್ದರು. ಇದನ್ನು ಅಕ್ಕನಿಗೆ ಹೇಳಲಿಲ್ಲ. ಅವಳು ಆ ಮುದುಕನಿಗೆ ಕೊಬ್ಬರಿ ಮಿಠಾಯಿ ಕೊಡುತ್ತಿದ್ದಳು.

ರೋಮಿನಲ್ಲಿ ಮತ್ತೆ ಹಳೇ ಕಥೆ. ಸ್ಪ್ಯಾನಿಷ್ ಮೆಟ್ಟಿಲು ಅಂತ ಲೋಕಪ್ರಸಿದ್ಧ ಜಾಗ, ನೂರಮೂವತ್ತಕ್ಕೂ ಹೆಚ್ಚು ಅಗಲವಾದ ಮೆಟ್ಟಿಲು. ಕೂರುವುದಕ್ಕೆಂದೇ ಹೇಳಿ ಮಾಡಿಸಿದ ಹಾಗಿದೆ. 2019ರಿಂದ ಅಲ್ಲಿ ಕೂರುವ ಹಾಗಿಲ್ಲ. ಅಕ್ಕ ಕೂತಳು. ಪೀಪಿ ಊದಿತು. ಮೂವತ್ತು ವರ್ಷ ಮಕ್ಕಳ ಮೇಲೆ ಪೀಪಿ ಊದಿದವಳು, ಯಾವ ಮಗು ತಂಟೆ ಮಾಡಿತೋ ಎಂದು ಸುತ್ತ ನೋಡಿದಳು. ಎರಡನೇ ಸಲ ಊದಿದಾಗ ಪೊಲೀಸಮ್ಮ ಎದುರಿಗೇ ನಿಂತಿದ್ದಳು. ‘ಮಂಡಿ ನೋವಮ್ಮ’ ಎಂದಳು ಅಕ್ಕ, ಕನ್ನಡದಲ್ಲೇ. ಪೊಲೀಸಮ್ಮ ಇಟಾಲಿಯನ್ನಿನಲ್ಲಿ ಏನೋ ಹೇಳಿದಳು. ಅದರಲ್ಲಿ ಇನ್ನೂರೈವತ್ತು ಯೂರೋ ಎಂಬುದೊಂದು ಮಾತ್ರ ನನಗೆ ಸ್ಪಷ್ಟವಾಗಿ ಕೇಳಿಸಿತು. ಅಕ್ಕನನ್ನು ನಾವಿಬ್ಬರೂ ಎರಡು ಕಡೆಯಿಂದ ಹಿಡಿದು ಎತ್ತಿದ ವೇಗ ನೋಡಿದ್ದರೆ ಫಿಸಿಯೋಥೆರಪಿಸ್ಟು ಗಾಬರಿಯಾಗುತ್ತಿದ್ದ.

ಆಮೇಲೆ ದಾರಿ ಕಂಡುಹಿಡಿದವಳು ಅಕ್ಕನೇ. ಬೀದಿ ನಲ್ಲಿಗಳಲ್ಲಿ ಹಗಲೂ ರಾತ್ರಿ ಧರ್ಮಕ್ಕೆ ತಣ್ಣೀರು ಸುರಿಯುತ್ತಿರುತ್ತದೆ, ಅದರಲ್ಲಿ ಬಾಟಲಿ ತುಂಬಿಸುವುದು, ಯಾವುದಾದರೂ ಚರ್ಚಿಗೆ ನುಗ್ಗುವುದು. ರೋಮಿನ ಬಹುಪಾಲು ಚರ್ಚುಗಳಿಗೆ ಟಿಕೆಟ್ಟಿಲ್ಲ, ಒಳಗೆ ತಂಪು, ಸಾಲುಸಾಲು ಬೆಂಚು. ಮೂರು ದಿನದಲ್ಲಿ ಹತ್ತೊಂಬತ್ತು ಚರ್ಚು ಮಾಡಿದೆವು. ಅಷ್ಟು ಭಕ್ತಿ ನಮ್ಮೂರ ದೇವರಿಗೂ ತೋರಿಸಿಲ್ಲ.

ಹಾಗೆ ಹೊಕ್ಕಿದ್ದು ಸಾನ್ ಲುಯಿಜಿ ದೇಯಿ ಫ್ರಾಂಚೇಸಿ ಎಂಬ ಚರ್ಚು. ಒಂದು ಮೂಲೆಯಲ್ಲಿ ಇಟಲಿಯ ಹೆಸರಾಂತ ಚಿತ್ರಕಾರ ಕರವಾಜೊ 1600ರ ಸುಮಾರಿಗೆ ಬರೆದ ಚಿತ್ರಗಳಿವೆ, ಕತ್ತಲಲ್ಲಿ. ಡಬ್ಬಿಗೆ ನಾಣ್ಯ ಹಾಕಿದರೆ ಸ್ವಲ್ಪ ಹೊತ್ತು ದೀಪ ಹತ್ತುತ್ತೆ. ನಾನು ಜೇಬಿಗೆ ಕೈ ಹಾಕಿದೆ. ಅಕ್ಕ ಕೈ ಹಿಡಿದಳು. ‘ಇರು, ಯಾರಾದ್ರೂ ಹಾಕ್ತಾರೆ.’ ಯಾರೋ ಹಾಕಿದರು. ದೀಪ ಹತ್ತಿತು. ಮೇಜಿನ ಸುತ್ತ ಐದಾರು ಜನ ಕೂತು ದುಡ್ಡು ಎಣಿಸುತ್ತಿದ್ದಾರೆ. ಬಲಗಡೆ ನಿಂತವನೊಬ್ಬ ಕೈ ಚಾಚಿ ಬೆರಳು ತೋರಿಸುತ್ತಿದ್ದಾನೆ.

‘ಯಾರೋ ಅದು ದುಡ್ಡಿನ ಮುಂದೆ ಕೂತಿರೋದು?’

‘ಮತ್ತಾಯ ಅಂತ, ಸುಂಕದವನು. ಯೇಸು ಬಂದು, ಎದ್ದು ಬಾ ಅಂತ ಕರೀತಿದ್ದಾನೆ.’

ಅಕ್ಕ ಮಂಡಿ ನೀವಿಕೊಳ್ಳುತ್ತ ಸ್ವಲ್ಪ ಹೊತ್ತು ನೋಡಿದಳು.

‘ಪಾಪ, ಅವನನ್ನೂ ಎಬ್ಬಿಸ್ತಿದ್ದಾರಾ?’

ದೀಪ ಆರಿತು. ನಾವು ಮೂವರೂ ಕತ್ತಲಲ್ಲಿ ಬೆಂಚಿನ ಮೇಲೆ ಕೂತು, ಮುಂದಿನವರು ಯೂರೋ ಹಾಕಲಿ ಎಂದು ಕಾದೆವು.