ಬಿದ್ದ ಮರ ಯಾವ ದಿಕ್ಕಿಗೆ ತಲೆ ಮಾಡಿತ್ತು?

ಮುಂಡರಗಿ ತಾಲ್ಲೂಕಿನ ಬೀಗರ ಊರಿನಿಂದ ಈಗಷ್ಟೇ ಗದಗಕ್ಕೆ ಮರಳಿದ್ದೇನೆ. ತಲೆ ಇನ್ನೂ ಕಾದೇ ಇರುವುದರಿಂದ ಬರಹ ಕೊಂಚ ಖಾರವಾದರೆ ಸಹಿಸಿಕೊಳ್ಳಿ. ಭರಣಿ ಮಳೆಯ ಜೊತೆ ಎದ್ದ ಗಾಳಿ ಆ ಊರಿನ ಹೊಲದ ದಾರಿಯಲ್ಲಿ ಎರಡೂ ಬದಿಯ ಬೇವಿನ ಮರಗಳನ್ನು ಕೆಡವಿ, ದನದ ಕೊಟ್ಟಿಗೆಯ ತಗಡೊಂದನ್ನು ವಿದ್ಯುತ್ ಕಂಬಕ್ಕೆ ಪಂಚೆ ಸುತ್ತಿದಂತೆ ಸುತ್ತಿಹೋಗಿತ್ತು. ಅಲ್ಲಿಂದ ಒಂದೇ ಹೊಲದಾಚೆ ಮೇವಿನ ಬಣವಿಯ ಹೊದಿಕೆ ಮಾತ್ರ ಮಿಸುಕಾಡಿರಲಿಲ್ಲ. ಇಷ್ಟು ಇಕ್ಕಟ್ಟಾದ ಪಟ್ಟಿಯಲ್ಲಿ ಹಾನಿಯಾಗಿದೆ ಎಂದಮೇಲೆ ಇದು ಸುಂಟರಗಾಳಿಯೇ ಇದ್ದೀತು ಎಂಬ ಗುಮಾನಿ ಯಾರಿಗಾದರೂ ಬರಬೇಕು. ನನಗಂತೂ ಬಂತು. ಆದರೆ ನಾನು ಹೋಗುವಷ್ಟರಲ್ಲಿ ಮರಗಳು ತುಂಡಾಗಿ ಟ್ರ್ಯಾಕ್ಟರ್ ಏರಿದ್ದವು. ಬೇರು ಕಿತ್ತ ಗುಂಡಿಗಳ ಮಣ್ಣು ಯಾವ ಬದಿಗೆ ಎದ್ದಿದೆ ಎಂದು ಬಗ್ಗಿ ನೋಡಿದೆ. ಎರಡು ಗುಂಡಿಗಳ ಮಣ್ಣು ಎದುರುಬದುರಾಗಿ ಎದ್ದಂತೆ ಕಂಡಿತು. ಉಳಿದವನ್ನು ಜೆಸಿಬಿ ಆಗಲೇ ಮುಚ್ಚಿ ಸಮ ಮಾಡಿತ್ತು.

ಪಂಚನಾಮೆ ಆಗಿದೆಯೇ ಎಂದು ಕೇಳಿದೆ. ಆಗಿತ್ತು, ಅದೂ ಅಚ್ಚುಕಟ್ಟಾಗಿ. ಎಷ್ಟು ತಗಡು, ಎಷ್ಟು ಗೋಡೆ, ಎಷ್ಟು ಮರ, ಎಷ್ಟು ರೂಪಾಯಿ ಎಂಬುದೆಲ್ಲ ಅದರಲ್ಲಿತ್ತು. ಮರಗಳು ಯಾವ ದಿಕ್ಕಿಗೆ ಬಿದ್ದಿದ್ದವು, ಗಾಳಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು, ಪಟ್ಟಿಯ ಅಗಲವೆಷ್ಟು ಎಂಬುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಅಲ್ಲಿದ್ದ ತರುಣ ಸಿಬ್ಬಂದಿ ನನ್ನ ಪ್ರಶ್ನೆಗೆ ನಗುತ್ತಲೇ ಹೇಳಿದ್ದು ಇಷ್ಟು: “ಸರ, ಗಿಡಾ ಮೂಡಲಕ್ಕ ಬಿದ್ರೇನ್ರಿ, ಪಡುವಲಕ್ಕ ಬಿದ್ರೇನ್ರಿ, ಪರಿಹಾರ ಅಷ್ಟ ಬರತೈತಿ ಬಿಡ್ರಿ.” ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆದೇ ತಲೆ ನರೆಸಿಕೊಂಡವನ ಎದುರು ಆಡುವ ಮಾತೇ ಇದು? ಬಾಂದುಕಲ್ಲು ಒಂದು ಗೇಣು ಸರಿದರೆ ಹೈಕೋರ್ಟಿನವರೆಗೆ ಹೋಗುವ ನಾಡು ನಮ್ಮದು; ಆದರೆ ಊರಿನ ನಡುವೆ ಹಾದುಹೋದ ಸುಳಿಯೊಂದರ ಹದ್ದುಬಸ್ತು ಮಾಡುವವರು ಮಾತ್ರ ಯಾರೂ ಇಲ್ಲ.

ಬಿದ್ದ ಮರದ ದಿಕ್ಕು ಯಾಕೆ ಮುಖ್ಯ ಎಂಬುದನ್ನು ಬಿಡಿಸಿ ಹೇಳುತ್ತೇನೆ. ಗುಡುಗುಮೋಡದಿಂದ ತಣ್ಣನೆಯ ಗಾಳಿ ದಬದಬನೆ ಕೆಳಗಿಳಿದು ನೆಲಕ್ಕೆ ಬಡಿದಾಗ ಅದು ಎಲ್ಲ ಕಡೆಗೂ ಚೆಲ್ಲುತ್ತದೆ. ಆಗ ಮರಗಳು ಒಂದು ಕಡೆಯಿಂದ ಬೀಸಣಿಗೆಯಾಕಾರದಲ್ಲಿ ಹೊರಕ್ಕೆ ಬೀಳುತ್ತವೆ, ಹಾನಿಯೂ ಅಗಲವಾಗಿ ಹರಡುತ್ತದೆ. ಸುಂಟರಗಾಳಿ ಹಾಗಲ್ಲ. ಅದು ಗುಡುಗುಮೋಡಕ್ಕೆ ಅಂಟಿಕೊಂಡೇ ನೆಲವನ್ನು ಮುಟ್ಟುವ ಸುಳಿ; ನಮ್ಮ ಉತ್ತರಾರ್ಧ ಗೋಳದಲ್ಲಿ ಹೆಚ್ಚಾಗಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಅದು ಪಶ್ಚಿಮದಿಂದ ಪೂರ್ವಕ್ಕೆ ಸಾಗುತ್ತಿದ್ದರೆ ಹಾದಿಯ ದಕ್ಷಿಣ ಬದಿಯಲ್ಲಿ ಸುತ್ತುವ ವೇಗಕ್ಕೆ ಸಾಗುವ ವೇಗವೂ ಕೂಡಿಕೊಂಡು ಮರಗಳು ಮುಂದಕ್ಕೆ ಮುಗ್ಗರಿಸುತ್ತವೆ; ಉತ್ತರ ಬದಿಯಲ್ಲಿ ಒಳಮುಖವಾಗಿ ಅಥವಾ ಹಿಂದಕ್ಕೆ ಬೀಳುತ್ತವೆ. ಅಂದರೆ ಬಿದ್ದ ಮರಗಳೇ ಗಾಳಿಯ ಟಿಪ್ಪಣಿ ಪುಸ್ತಕ. ನಾವು ಆ ಪುಸ್ತಕವನ್ನು ಎರಡನೆಯ ದಿನವೇ ಒಲೆಗೆ ಹಾಕುತ್ತೇವೆ.

ಈ ದೇಶದಲ್ಲಿ ಇಂಥ ದಾಖಲೆ ಮಾಡುವ ಬುದ್ಧಿ ಯಾರಿಗೂ ಇರಲಿಲ್ಲ ಎಂದೇನಲ್ಲ. 1838ರ ಏಪ್ರಿಲ್ 8ರಂದು ಕಲ್ಕತ್ತೆಯ ಪೂರ್ವದ ಹೊರವಲಯದಲ್ಲಿ ಸುಂಟರಗಾಳಿಯೊಂದು ಹಾದು 215 ಜನ ಸತ್ತಾಗ, ಫ್ಲಾಯ್ಡ್ ಎಂಬವರು ಅದರ ಜಾಡನ್ನು ಊರೂರು ಹಿಡಿದು ವಿವರಗಳನ್ನು ಕಲೆಹಾಕಿ, ಬಂಗಾಳದ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚು ಮಾಡಿಸಿದರು. ರೈಲಿಲ್ಲ, ಕ್ಯಾಮೆರಾ ಇಲ್ಲ, ಜಿಪಿಎಸ್ ಅಂತೂ ಕನಸಿನಲ್ಲೂ ಇಲ್ಲದ ಕಾಲದ ಮಾತಿದು. ಭಾರತೀಯ ಹವಾಮಾನ ಇಲಾಖೆ ಹುಟ್ಟಿದ್ದೇ 1875ರಲ್ಲಿ. ಇಲಾಖೆ ಹುಟ್ಟುವ ಮೊದಲೇ ಆದ ಕೆಲಸ, ಹುಟ್ಟಿ ಒಂದೂವರೆ ಶತಮಾನ ಕಳೆದ ಮೇಲೂ ರೂಢಿಯಾಗಿಲ್ಲ ಎಂಬುದೇ ನನ್ನ ತಕರಾರು. 1978ರ ಮಾರ್ಚ್ 17ರಂದು ದೆಹಲಿಯಲ್ಲಿ ವಿಶ್ವವಿದ್ಯಾಲಯದ ಸುತ್ತಮುತ್ತ ಸುಳಿಯೆದ್ದು 28 ಜನ ತೀರಿಕೊಂಡರು. ಅದರ ಅಧ್ಯಯನ ಚೆನ್ನಾಗಿಯೇ ಆಯಿತು, ಯಾಕೆಂದರೆ ಅದು ಹವಾಮಾನ ಇಲಾಖೆಯ ಸ್ವಂತ ಅಂಗಳಕ್ಕೇ ಬಂದಿತ್ತು. ಮುಂಡರಗಿಗೆ ಬಂದಿದ್ದರೆ ತಗಡಿನ ಲೆಕ್ಕದಲ್ಲಿ ಮುಗಿಯುತ್ತಿತ್ತು.

ಇದಕ್ಕಿಂತಲೂ ಕಸಿವಿಸಿಯ ಸಂಗತಿ ಇನ್ನೊಂದಿದೆ. ಭಾರತ ಮತ್ತು ಬಾಂಗ್ಲಾದೇಶದ ಸುಂಟರಗಾಳಿಗಳನ್ನು ಒಟ್ಟುಗೂಡಿಸಿ, ಸುಂಟರಗಾಳಿಯಾಗಿರಬಹುದಾದ 51 ಘಟನೆಗಳನ್ನು ಪಟ್ಟಿ ಮಾಡಿ 1981ರಲ್ಲಿ ಪ್ರಕಟಿಸಿದವರು ರಿಚರ್ಡ್ ಪೀಟರ್ಸನ್ ಮತ್ತು ಕಿಶೋರ್ ಮೆಹ್ತಾ. ಇಬ್ಬರೂ ಕೆಲಸ ಮಾಡುತ್ತಿದ್ದದ್ದು ಟೆಕ್ಸಾಸಿನ ಲಬಕ್ ಪಟ್ಟಣದಲ್ಲಿ. 1970ರ ಮೇ 11ರಂದು ಲಬಕ್‌ಗೇ ಸುಂಟರಗಾಳಿ ಬಡಿದು 26 ಜನ ಸತ್ತ ಮೇಲೆ ಅಲ್ಲಿನ ವಿಶ್ವವಿದ್ಯಾಲಯ ಗಾಳಿಯ ಹಾನಿಯನ್ನು ಅಳೆಯುವ ಶಾಸ್ತ್ರವನ್ನೇ ಕಟ್ಟಿತು. ನಮ್ಮ ಮನೆಯ ಸಾವಿನ ಲೆಕ್ಕವನ್ನು ಸಾತ್ ಸಮುದ್ರದಾಚೆಯವರು ಬರೆದಿಟ್ಟಿದ್ದಾರೆ. ನಾವು ಪಾಪ, ಬಿಜಿ ಇದ್ದೇವೆ.

ಅಮೆರಿಕದವರನ್ನು ಹೊಗಳಿದರೆ ಕೆಲವು ಗೆಳೆಯರಿಗೆ ಮೈ ಉರಿಯುತ್ತದೆಂದು ಬಲ್ಲೆ. ಆದರೂ ಹೇಳಿಯೇ ತೀರುತ್ತೇನೆ. ಜಾನ್ ಪಾರ್ಕ್ ಫಿನ್ಲೆ ಅಲ್ಲಿನ ಸೈನ್ಯದ ಸಿಗ್ನಲ್ ದಳದ ಒಬ್ಬ ಸಾರ್ಜೆಂಟ್. 1879ರಲ್ಲಿ ಕನ್ಸಾಸ್, ಮಿಸೌರಿಗಳ ಕಡೆ ಸುಂಟರಗಾಳಿಗಳೆದ್ದಾಗ ಅವು ಹೋದ ದಾರಿಯಲ್ಲೇ ಹೋಗಿ, ಕಂಡವರನ್ನು ವಿಚಾರಿಸಿ, ನಕ್ಷೆ ಬರೆದ. ಮುಂದೆ ಹಳೆಯ ದಾಖಲೆಗಳನ್ನು ಕೆದಕಿ 600 ಸುಂಟರಗಾಳಿಗಳ ವಿವರ ಸಿದ್ಧಪಡಿಸಿದ. ಊರೂರಲ್ಲಿ ವರದಿಗಾರರಾಗಿ ಅವನಿಗೆ ಎರಡು ಸಾವಿರಕ್ಕೂ ಹೆಚ್ಚು ಸ್ವಯಂಸೇವಕರಿದ್ದರು. ಆಮೇಲೆ ಬಂದ ಜಪಾನ್ ಮೂಲದ ಟೆಡ್ ಫುಜಿಟಾ ವಿಮಾನದಿಂದ ಹಾನಿಯ ಪಟ್ಟಿಯ ಚಿತ್ರಗಳನ್ನು ತೆಗೆಸಿ, ಹಾನಿಯನ್ನು ನೋಡಿ ಗಾಳಿಯ ಬಲವನ್ನು ಅಂದಾಜಿಸುವ ಮಾಪಕವನ್ನು 1971ರಲ್ಲಿ ಕೊಟ್ಟರು. ಥಾಮಸ್ ಗ್ರಜುಲಿಸ್ ಎಂಬವರು ಹಳೆಯ ಪತ್ರಿಕೆಗಳ ಮೈಕ್ರೋಫಿಲ್ಮ್ ಸುರುಳಿಗಳನ್ನು ವರ್ಷಗಟ್ಟಲೆ ತಿರುವಿ ಹದಿನೇಳನೆಯ ಶತಮಾನದವರೆಗಿನ ಗಾಳಿಗಳನ್ನು ಹೆಕ್ಕಿದರು. ಅದಕ್ಕೆ ಹಣ ಕೊಟ್ಟದ್ದು ಅಲ್ಲಿನ ಅಣುಸ್ಥಾವರಗಳ ನಿಯಂತ್ರಣ ಆಯೋಗ, ಯಾಕೆಂದರೆ ಸ್ಥಾವರ ಕಟ್ಟುವವರಿಗೆ ಆ ಲೆಕ್ಕ ಬೇಕಿತ್ತು. ನಿಜ ಹೇಳಬೇಕೆಂದರೆ ಫಿನ್ಲೆಯ ಬಗ್ಗೆ ಓದುವಾಗ ನನಗೆ ಹೊಟ್ಟೆಕಿಚ್ಚಾಗುತ್ತದೆ. ನಾನೂ ಬಿಸಿಲಲ್ಲಿ ಹೊಲ ಅಳೆದವನೇ. ಒಂದೇ ಒಂದು ಸಲ ಗಾಳಿಯನ್ನು ಅಳೆಯಲು ಯಾರಾದರೂ ಕಳಿಸಿದ್ದರೆ ಭತ್ಯೆ ಕೇಳದೆ ಹೋಗುತ್ತಿದ್ದೆ.

ಈಗ ನಮ್ಮ ವಾಟ್ಸಾಪ್ ಪಂಡಿತರ ಆಕ್ಷೇಪಣೆಗೆ ಬರುತ್ತೇನೆ. “ಸುಂಟರಗಾಳಿ ಬಂಗಾಳ, ಒಡಿಶಾ ಕಡೆಯ ಮಾತು, ನಮ್ಮ ಕಡೆ ಎಲ್ಲಿ ಬರುತ್ತದೆ?” ಎನ್ನುತ್ತಾರೆ. ದೊಡ್ಡ ಸಾವುನೋವಿನ ಸುಂಟರಗಾಳಿಗಳು ಪೂರ್ವದ ಕಡೆಯೇ ಹೆಚ್ಚು ಎಂಬುದು ಸರಿ: ಬಾಂಗ್ಲಾದೇಶದ ದೌಲತ್‌ಪುರ–ಸಾಟೂರಿಯಾದಲ್ಲಿ 1989ರ ಏಪ್ರಿಲ್ 26ರಂದು ಸತ್ತವರು ಸುಮಾರು 1300 ಮಂದಿ. ಆದರೆ ನಮ್ಮಲ್ಲಿ ಬರುವುದೇ ಇಲ್ಲ ಎಂದು ಹೇಳಲಿಕ್ಕೂ ಲೆಕ್ಕದ ವಹಿಯೊಂದು ಬೇಕಲ್ಲ? ವಹಿಯನ್ನೇ ಇಡದವನು ಸಾಲವಿಲ್ಲ ಎಂದು ಮೀಸೆ ತಿರುವಿದ ಹಾಗಾಯಿತು. ಇನ್ನು ಕೆಲವರು “ರೇಡಾರ್ ಇದೆ, ಉಪಗ್ರಹವಿದೆ” ಎನ್ನುತ್ತಾರೆ. ಭೂಮಿ ಗುಂಡಗಿರುವುದರಿಂದ 150 ಕಿ.ಮೀ. ದೂರಕ್ಕೆ ಹೋಗುವಷ್ಟರಲ್ಲಿ ರೇಡಾರಿನ ಅತಿ ಕೆಳಗಿನ ಕಿರಣವೇ ನೆಲದಿಂದ ಸುಮಾರು ಎರಡೂವರೆ ಕಿ.ಮೀ. ಮೇಲಿರುತ್ತದೆ, ಮೋಡ ಸುತ್ತುತ್ತಿದೆಯೇ ಎಂಬುದನ್ನು ಅದು ತೋರಿಸೀತು, ಬೇವಿನ ಮರದ ಮಟ್ಟದಲ್ಲಿ ಏನಾಯಿತೆಂಬುದನ್ನಲ್ಲ. ರೇಡಾರಿಗೆ ರಾಜನಂಥ ಅಮೆರಿಕದಲ್ಲೇ ಇಂದಿಗೂ ಗಾಳಿ ಹೋದ ಮೇಲೆ ಜನ ನೆಲಕ್ಕಿಳಿದು ಹಾನಿಯನ್ನು ನೋಡಿಯೇ ಬಲವನ್ನು ನಿರ್ಧರಿಸುತ್ತಾರೆ.

ಕಾಗದದ ಕಾಲಂ ಇಲ್ಲದೆ ನಮ್ಮಲ್ಲಿ ಯಾವುದೂ ಅಸ್ತಿತ್ವಕ್ಕೆ ಬರುವುದಿಲ್ಲ. ಕೇಂದ್ರದ ಪರಿಹಾರದ ಪಟ್ಟಿಯಲ್ಲಿ ಚಂಡಮಾರುತ, ಬರ, ನೆರೆ, ಆಲಿಕಲ್ಲು ಮಳೆಗಳಿಗೆ ಹೆಸರಿದೆ, ಸುಂಟರಗಾಳಿಗೆ ಇಲ್ಲ. ಒಡಿಶಾ ಸರ್ಕಾರ ತನ್ನ ರಾಜ್ಯದ ಮಟ್ಟಿಗೆ ಸಿಡಿಲು, ಹಾವು ಕಡಿತಗಳ ಜೊತೆ ಸುಂಟರಗಾಳಿಯನ್ನೂ ವಿಪತ್ತು ಎಂದು ಸೇರಿಸಿಕೊಂಡಿದೆ. ಇಲ್ಲಿ ಗ್ರಾಮ ಪಂಚಾಯಿತಿಗೊಂದು ಮಳೆಮಾಪಕ ನೆಟ್ಟು, ಹೋಬಳಿಗೊಂದು ಹವಾಮಾನ ಕೇಂದ್ರ ಕಟ್ಟಿದ್ದೇವೆ. ಅದು ಹೆಮ್ಮೆಯ ವಿಷಯವೇ. ಆದರೆ ನೂರಿನ್ನೂರು ಅಡಿ ಅಗಲದ ಸುಳಿ ಆ ಯಂತ್ರವನ್ನೇ ಹುಡುಕಿಕೊಂಡು ಹೋಗುವುದಿಲ್ಲ. ಪಂಚನಾಮೆಯ ನಮೂನೆಯಲ್ಲಿ ಇನ್ನೂ ನಾಲ್ಕು ಗೆರೆ ಸೇರಿಸಿದರೆ ಸಾಕು: ಸಮಯ, ಪಟ್ಟಿಯ ಉದ್ದ ಅಗಲ, ಮರ ಬಿದ್ದ ದಿಕ್ಕು, ಸರ್ವೆ ನಂಬರು. ಪರಿಹಾರ ಮೊದಲಾಗಲಿ, ಯಾರು ಬೇಡವೆಂದರು? ತಗಡು ಎಣಿಸುವ ಕೈಯಲ್ಲೇ ಮೊಬೈಲ್ ಇದೆ, ಅದರಲ್ಲೇ ದಿಕ್ಸೂಚಿ ಇದೆ.

ಮೊಬೈಲ್ ಎಂದಾಗ ನೆನಪಾಯಿತು. ಬೇಸಿಗೆಯ ಸುಡು ಮಧ್ಯಾಹ್ನ, ಒಂದು ಚೂರೂ ಮೋಡವಿಲ್ಲದಾಗ ಕಾದ ಎರೆಹೊಲದಿಂದ ಧೂಳು ಸುತ್ತುತ್ತ ಮೇಲೇಳುತ್ತದಲ್ಲ, ಅದನ್ನು ಹಿಡಿದು ಟಿ.ವಿ.ಯವರು “ನವಲಗುಂದದಲ್ಲಿ ಭೀಕರ ಸುಂಟರಗಾಳಿ” ಎಂದು ಇಡೀ ದಿನ ಕೂಗುತ್ತಾರೆ. ಕೆಳಗೆ ನಾಲ್ಕು ಮಂದಿ ಒಕ್ಲಹೋಮಾದ ಹಳೆಯ ವಿಡಿಯೊ ಅಂಟಿಸುತ್ತಾರೆ. ಮರ ಕಿತ್ತ ಗಾಳಿಗೆ ಮಾತ್ರ ಒಂದು ಪಟವೂ ಇಲ್ಲ.

ಹೀಗಾಗಿ ವಹಿಯೊಂದನ್ನು ನಾನೇ ತೆರೆಯುತ್ತಿದ್ದೇನೆ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ರೇವತಿಯಿಂದ ರೋಹಿಣಿ ಮಳೆಯವರೆಗಿನ ಅವಧಿಯಲ್ಲಿ ಇಕ್ಕಟ್ಟಾದ ಪಟ್ಟಿಯಲ್ಲಿ ಮನೆ ಮರ ಕೆಡವಿದ ಗಾಳಿಯ ಬಗ್ಗೆ ಹಳೆಯ ಪತ್ರಿಕೆಯ ತುಣುಕು, ಅಜ್ಜನ ಡೈರಿಯ ಸಾಲು, ನಿಮ್ಮದೇ ಫೋಟೊ ಯಾವುದಿದ್ದರೂ ಇನ್‌ಬಾಕ್ಸಿಗೆ ಕಳಿಸಿ. ಊರು, ತಾರೀಖು, ಫೋಟೊ ತೆಗೆದವರು ಯಾವ ದಿಕ್ಕಿಗೆ ಮುಖ ಮಾಡಿ ನಿಂತಿದ್ದರು ಎಂಬ ಮೂರು ವಿವರ ಇರಲೇಬೇಕು. ಫಾರ್ವರ್ಡ್ ವಿಡಿಯೊ ಕಳಿಸುವವರನ್ನು ನೆಂಟರಾದರೂ ಸರಿ, ಬ್ಲಾಕ್ ಮಾಡುತ್ತೇನೆ.