ಹಬ್ಬಕ್ಕೂ ಮೊದಲು ಪತ್ರಿಕೆ

ಊರಿಂದ ಲಂಡನ್ನಿಗೆ ಯಾರೇ ಬಂದರೂ ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆಗೆ ಕರೆದುಕೊಂಡು ಹೋಗುತ್ತೇನೆ. ಲ್ಯಾಂಬೆತ್‌ನಲ್ಲಿದೆ, 2015ರಲ್ಲಿ ಅನಾವರಣವಾಯಿತು. ಈಚೆಗೆ ಅಲ್ಲಿಂದ ಇನ್ನೊಂದಷ್ಟು ದೂರ ನಡೆಸುತ್ತೇನೆ. ವಾಕ್ಸಾಲ್‌ನ ಒಂದು ಮನೆಯ ಗೋಡೆಗೆ ದುಂಡಗಿನ ನೀಲಿ ಫಲಕ ಹಾಕಿದ್ದಾರೆ, ಹೆಸರಾದವರು ಬದುಕಿದ್ದ ಮನೆಗೆ ಹಾಕುವಂಥದ್ದು. ಅದರಲ್ಲಿರುವ ಹೆಸರು ಕ್ಲಾಡಿಯಾ ಜೋನ್ಸ್.

ಅವರು ಹುಟ್ಟಿದ್ದು 1915ರಲ್ಲಿ, ಟ್ರಿನಿಡಾಡ್‌ನಲ್ಲಿ. ಎಂಟನೇ ವಯಸ್ಸಿಗೆ ನ್ಯೂಯಾರ್ಕಿನ ಹಾರ್ಲೆಮ್‌ಗೆ ಬಂದರು. ಬಡತನ, ತಾಯಿಯ ಸಾವು, ಹರೆಯದಲ್ಲೇ ಕ್ಷಯ. ಕಮ್ಯುನಿಸ್ಟ್ ಪಕ್ಷ ಸೇರಿ, ಅದರ ಪತ್ರಿಕೆಗಳಲ್ಲಿ ಬರೆಯುತ್ತ ಬೆಳೆದರು. ಆ ಕಾರಣಕ್ಕೇ ಅಮೆರಿಕ ಅವರನ್ನು ಜೈಲಿಗೆ ಹಾಕಿ, 1955ರಲ್ಲಿ ಗಡೀಪಾರು ಮಾಡಿತು. ಟ್ರಿನಿಡಾಡ್‌ನ ಬ್ರಿಟಿಷ್ ಆಡಳಿತ ಸೇರಿಸಿಕೊಳ್ಳಲಿಲ್ಲ. ಹಾಗಾಗಿ ಲಂಡನ್. ನಲವತ್ತರ ವಯಸ್ಸು, ಕೆಟ್ಟ ಆರೋಗ್ಯ, ಎರಡನೇ ವಲಸೆ.

1958ರ ಮಾರ್ಚಿನಲ್ಲಿ ಬ್ರಿಕ್ಸ್‌ಟನ್‌ನಲ್ಲಿ, ಒಂದು ರೆಕಾರ್ಡ್ ಅಂಗಡಿಯ ಮಹಡಿಯಲ್ಲಿ, 'ವೆಸ್ಟ್ ಇಂಡಿಯನ್ ಗೆಜೆಟ್' ಶುರು ಮಾಡಿದರು. ಕೆರಿಬಿಯನ್ ದ್ವೀಪಗಳ ಸುದ್ದಿ ಇರುತ್ತಿತ್ತು. ಕರಿಯರಿಗೆ ಮನೆ ಬಾಡಿಗೆಗೆ ಕೊಡದವರ, ಕೆಲಸ ಕೊಡದವರ ಸುದ್ದಿಯೂ ಇರುತ್ತಿತ್ತು. ದುಡ್ಡಿನ ಕಷ್ಟ ಒಂದು ದಿನವೂ ತಪ್ಪಲಿಲ್ಲ.

ಆ ವರ್ಷದ ಆಗಸ್ಟ್ ಕೊನೆಗೆ ಲಂಡನ್ನಿನದೇ ಬಡಾವಣೆ ನಾಟಿಂಗ್ ಹಿಲ್‌ನಲ್ಲಿ ಬಿಳಿಯ ಹುಡುಗರ ಗುಂಪುಗಳು ಕೆರಿಬಿಯನ್ನರ ಮೇಲೆ ಬಿದ್ದವು. ಐದು ತಿಂಗಳಲ್ಲಿ, 1959ರ ಜನವರಿ 30ರಂದು, ಇದೇ ಪತ್ರಿಕೆಯವರು ಸೇಂಟ್ ಪ್ಯಾಂಕ್ರಾಸ್ ಟೌನ್ ಹಾಲಿನಲ್ಲಿ ತಮ್ಮೂರಿನ ಹಾಡು ಕುಣಿತದ ಹಬ್ಬ, ಕಾರ್ನಿವಲ್, ಮಾಡಿದರು. ಹೊರಗೆ ಚಳಿ, ಒಳಗೆ ಕುಣಿತ. ಬಿಬಿಸಿ ಅದನ್ನು ಟಿವಿಯಲ್ಲಿ ತೋರಿಸಿತು. ಅವತ್ತಿಗೆ ಒಂದು ಸ್ಮರಣ ಸಂಚಿಕೆಯನ್ನೂ ತಂದರು. ಅದನ್ನು ಮಾರಿ ಬಂದ ಹಣದಲ್ಲಿ ಒಂದು ಪಾಲು, ನಾಟಿಂಗ್ ಹಿಲ್ ಗಲಾಟೆಯಲ್ಲಿ ಸಿಕ್ಕಿಬಿದ್ದ ಹುಡುಗರ ದಂಡ ಕಟ್ಟಲು. ಕರಿಯ ಹುಡುಗರದಷ್ಟೇ ಅಲ್ಲ, ಬಿಳಿಯರದೂ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಇಲ್ಲಿನ ನಮ್ಮ ಕನ್ನಡ ಸಂಘವೂ ಪ್ರತಿ ನವೆಂಬರಿನಲ್ಲಿ ಸ್ಮರಣ ಸಂಚಿಕೆ ತರುತ್ತದೆ. ಶುಭಾಶಯ, ಕವಿತೆ, ಮಕ್ಕಳ ಚಿತ್ರ, ಜಾಹೀರಾತು. ಹೀಗಳೆಯುತ್ತಿಲ್ಲ, ಆ ಪುಟಗಳನ್ನು ನಾನೂ ರಾತ್ರಿ ಕೂತು ತಿದ್ದಿದ್ದೇನೆ. ಆದರೆ ನಾವು ಇಲ್ಲಿ ಬದುಕುವ ಬದುಕು ಅದರಲ್ಲಿ ಇಲ್ಲವೇ ಇಲ್ಲ. ಕಳೆದ ವರ್ಷ ದಾವಣಗೆರೆ ಕಡೆಯ ಹುಡುಗನೊಬ್ಬ ಓದಲು ಬಂದ. ಊರಿಂದಲೇ ಬಾಡಿಗೆ ಮುಂಗಡ ಕಳಿಸಿದ್ದ. ಬಂದು ನೋಡಿದರೆ ಆ ವಿಳಾಸದಲ್ಲಿ ಬೇರೆ ಯಾರದೋ ಸಂಸಾರ. ಮೂರು ವಾರ ನಮ್ಮನೆ ಹಾಲಿನಲ್ಲಿ ಮಲಗಿದ. ಅದೇ ಮೋಸ ಮುಂಚೆಯೇ ಇನ್ನಿಬ್ಬರಿಗೆ ಆಗಿತ್ತಂತೆ. ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ್ದರು, ದೀಪಾವಳಿ ಶುಭಾಶಯಗಳ ನಡುವೆ ಮೇಲೆ ಹೋಗಿಬಿಟ್ಟಿತ್ತು.

ನಮಗೂ ಗೆಜೆಟ್‌ನಂಥ ಪತ್ರಿಕೆ ಬೇಕು ಅಂದರೆ, ವಾಟ್ಸಾಪ್ ಇರುವಾಗ ಪತ್ರಿಕೆ ಯಾಕೆ ಅಂತ ಗೆಳೆಯರು ಕೇಳುತ್ತಾರೆ. ಪತ್ರಿಕೆಗೆ ಒಬ್ಬ ಸಂಪಾದಕ ಇರುತ್ತಾನೆ. ವಿಚಾರಿಸಿ ಬರೆಯುತ್ತಾನೆ, ಬರೆದದ್ದಕ್ಕೆ ಹೊಣೆ ಹೊರುತ್ತಾನೆ. ಮುಂದಿನ ವರ್ಷ ಬರುವವನಿಗೂ ಅದು ಸಿಗುತ್ತದೆ, ಅಲ್ವಾ? ನಮಗೆ ಇದು ಹೊಸ ದಾರಿಯೂ ಅಲ್ಲ. ಮುಂಬಯಿಗೆ ಹೋದ ನಮ್ಮವರು ಹೋಟೆಲ್ ಹುಡುಗರಿಗೆ ರಾತ್ರಿ ಶಾಲೆ ನಡೆಸಿದರು, ಕನ್ನಡದಲ್ಲೇ ದಿನಪತ್ರಿಕೆ ತಂದರು. ಲಂಡನ್ನಿಗೆ ಬರುವಾಗ ಆ ಅಭ್ಯಾಸವನ್ನು ಎಲ್ಲಿ ಬಿಟ್ಟು ಬಂದೆವೋ.

ಕ್ಲಾಡಿಯಾ 1964ರ ಕ್ರಿಸ್‌ಮಸ್ ಹೊತ್ತಿಗೆ ತೀರಿಕೊಂಡರು. ನಲವತ್ತೊಂಬತ್ತು ವರ್ಷ. ಹೈಗೇಟ್‌ನಲ್ಲಿ ಕಾರ್ಲ್ ಮಾರ್ಕ್ಸ್ ಪಕ್ಕದಲ್ಲೇ ಅವರ ಸಮಾಧಿ. ಮರುವರ್ಷವೇ ಪತ್ರಿಕೆ ನಿಂತಿತು, ಭಾರವೆಲ್ಲ ಅವರೊಬ್ಬರ ಹೆಗಲ ಮೇಲಿತ್ತು. ಕಾರ್ನಿವಲ್ ಮಾತ್ರ ಉಳಿಯಿತು. ಇವತ್ತು ನಾಟಿಂಗ್ ಹಿಲ್ ಬೀದಿಗಳಲ್ಲಿ ಲಕ್ಷಗಟ್ಟಲೆ ಜನ ಕುಣಿಯುವ ಹಬ್ಬದ ಬೇರು ಆ ಟೌನ್ ಹಾಲಿನಲ್ಲಿದೆ.

ಈ ಸಲದ ರಾಜ್ಯೋತ್ಸವ ಸಂಚಿಕೆಯಲ್ಲಿ ನಾಲ್ಕು ಪುಟ ಬಿಡಿ ಅಂತ ಸಂಘವನ್ನು ಕೇಳಿದ್ದೇನೆ. ಎರಡು ಪುಟ ಕೊಟ್ಟಿದ್ದಾರೆ. ಬಾಡಿಗೆ ಮೋಸದ ಬಗ್ಗೆ ದಾವಣಗೆರೆಯ ಹುಡುಗನೇ ಬರೆಯುತ್ತಿದ್ದಾನೆ.